ಹೂವಾಡಿಗರ ಬೀದಿ ಯಾವುದು?

ಸ್ವಾತಂತ್ರ್ಯ ಬಂದದ್ದೇ ತಡ, ಮೈಸೂರಿನ ಎಷ್ಟೋ ಬೀದಿಗಳಿಗೆ ಮರುನಾಮಕರಣದ ಯೋಗ ಕೂಡಿಬಂತು. ಹೊಸ ಹೆಸರಿಟ್ಟು ಭಾಷಣ ಬಿಗಿದವರು ಮನೆಗೆ ಹೋಗಿ ಉಂಡು ಮಲಗಿದರು. ಯಾವ ಹಳೇ ಬೀದಿ ಯಾವ ಹೊಸ ರಸ್ತೆಯಾಯಿತೆಂದು ಹುಡುಕಿ ಬರೆದುಕೊಡುವ ಕರ್ಮ ಮಾತ್ರ ನಕ್ಷೆ ಕಚೇರಿಯ ಗುಮಾಸ್ತ ರುದ್ರಸ್ವಾಮಿಯ ತಲೆಗೆ ಬಿತ್ತು.

ಅವತ್ತು ಪುಟ್ಟಬಸಮ್ಮನೆಂಬ ವಿಧವೆ ನಂಜನಗೂಡಿನಿಂದ ಬಂದರು. ಅಪ್ಪ ಆಕೆಯ ಹೆಸರಿಗೆ ಬರೆದಿದ್ದ ಮನೆಯನ್ನು ದಾಯಾದಿ ಸದಾಶಿವಯ್ಯ ಯಾರಿಗೋ ಮಾರಿ ಕೈತೊಳೆದುಕೊಂಡಿದ್ದ. ದಾನಪತ್ರದಲ್ಲಿ ಇದ್ದದ್ದು ಇಷ್ಟು: ಹೂವಾಡಿಗರ ಬೀದಿ, ಹಿತ್ತಲಲ್ಲಿ ಕಲ್ಲು ಕಟ್ಟಿದ ಬಾವಿ. ಅದು ಈಗಿನ ಯಾವ ರಸ್ತೆಯೆಂದು ಬರೆಸಿಕೊಂಡು ಬಂದರೆ ದಾವೆ ಹೂಡುವೆನೆಂದು ವಕೀಲರು ಹೇಳಿದ್ದರಂತೆ.

ಸದಾಶಿವಯ್ಯನ ಹೆಸರು ಕೇಳಿ ರುದ್ರಸ್ವಾಮಿ ಲೇಖನಿ ಕೆಳಗಿಟ್ಟ. ಅವನಿಂದ ಆ ಮನೆ ಕೊಂಡವನು ಬೇರಾರೂ ಅಲ್ಲ, ತಾನೇ. ಊರಿನ ಹೊಲ, ಹೆಂಡತಿಯ ಒಡವೆ, ಎಲ್ಲ ಅದಕ್ಕೇ ಹೋಗಿತ್ತು.

ಹಳೇ ನಕ್ಷೆ ಬಿಡಿಸಿದ, ಹಳೇ ಡೈರೆಕ್ಟರಿ ತಿರುವಿದ. ನೋಡಿದರೆ ಆ ಹೆಸರಿನ ಬೀದಿ ಎರಡು! ಪ್ಲೇಗಿಗೆ ಹೆದರಿ ಕೇರಿ ಬಿಟ್ಟ ಹೂವಾಡಿಗರು ಮನೆದೇವರ ಜೊತೆಗೆ ಬೀದಿಯ ಹೆಸರನ್ನೂ ಹೊಸ ಜಾಗಕ್ಕೆ ಹೊತ್ತೊಯ್ದಿದ್ದರು. ಆ ಎರಡನೆಯ ಬೀದಿ ರಸ್ತೆ ಅಗಲ ಮಾಡುವಾಗ ನೆಲಸಮವಾಗಿತ್ತು. ಅಲ್ಲಿ ಬಾವಿಯೇ ಇರಲಿಲ್ಲ. ಬಾವಿಯಿದ್ದದ್ದು ಮೊದಲನೆಯ ಬೀದಿಯಲ್ಲಿ, ರುದ್ರಸ್ವಾಮಿಯ ಹಿತ್ತಲಲ್ಲೇ.

ನಿಜ ಬರೆದರೆ ಹೆಂಡತಿಯನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಸುಳ್ಳು ಬರೆದರೆ ಈಕೆಯ ಗತಿಯೇನು? ನಾಳೆ ಬನ್ನಿ ಅನ್ನೋಣವೆಂದರೆ ಆಕೆ ಬಾಗಿಲಲ್ಲೇ ಕೂತಿದ್ದಾರೆ. ಕೊನೆಗೆ ನೆಲಸಮವಾದ ಬೀದಿಯನ್ನೇ ಬರೆದು, ಮೊಹರು ಒತ್ತಿ, ಮುಖ ನೋಡದೆ ಕೊಟ್ಟ.

ಸಂಜೆ ಮನೆಗೆ ಬಂದರೆ ಪುಟ್ಟಬಸಮ್ಮ ಅವನ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದರು.

"ಈ ಅವ್ವ ಹುಟ್ಟಿದ್ದು ನಮ್ಮನೇಲಂತೆ ಕಣ್ರೀ. ನೋಡ್ಕೊಂಡು ಹೋಗಕ್ಕೆ ಬಂದವ್ರೆ," ಎಂದಳು ಹೆಂಡತಿ ಮಂಜುಳಮ್ಮ.

ಪುಟ್ಟಬಸಮ್ಮ ಲೋಟ ಕೆಳಗಿಟ್ಟು ಎದ್ದರು. "ಸ್ವಾಮಿ, ಇದು ನಿಮ್ಮನೇನಾ? ನಿಮ್ಮನೆ ಅಂತ ಗೊತ್ತಿದ್ದೂ ನಿಜ ಬರ್ಕೊಟ್ಬುಟ್ರಾ?" ಆಕೆಯ ಕಣ್ಣು ತುಂಬಿತು. "ನನಗೊಂದು ಕೋಣೆ ಸಾಕು ಕಣಪ್ಪ. ನೀವು ಎಲ್ಲೂ ಹೋಗ್ಬೇಡಿ, ಇಲ್ಲೇ ಇರಿ. ಇಂಥ ಮನುಷ್ಯನ್ನ ಎಂಗೆ ಹೊರಗಾಕ್ಲಿ?"

ರುದ್ರಸ್ವಾಮಿ ಚಪ್ಪಲಿ ಬಿಟ್ಟ. ಒಳಗೆ ಹೋಗೋಣವೆಂದರೆ ಆಕೆ ದಾರಿಗೆ ಅಡ್ಡ ನಿಂತಿದ್ದರು.

"ನನಗೆ ಓದಕ್ಕೆ ಬರಲ್ಲ. ಏನು ಬರ್ದವ್ರೆ, ಓದಿ ಹೇಳು ಮಗಾ," ಎಂದು ಮಂಜುಳಮ್ಮನ ಕೈಗೆ ಕಾಗದ ಕೊಟ್ಟರು.

ಮಂಜುಳಮ್ಮ ಓದಿದಳು. ತಮ್ಮ ಬೀದಿ ಅದರಲ್ಲಿರಲಿಲ್ಲ. ಮತ್ತೊಮ್ಮೆ ಓದಿ ಗಂಡನ ಮುಖ ನೋಡಿದಳು.

"ನೀವೇ ಓದಿ ಹೇಳ್ರೀ ಅವ್ರಿಗೆ," ಎಂದು ಕಾಗದವನ್ನು ಅವನ ಕೈಗಿಟ್ಟಳು.