ಗೇಟಿನ ಒಳಗಿನ ಹೊಗೆ

ಕುಲುಮೆಯ ಬಾಯಿಗೆ ಹಾಕಿದ್ದ ಚೆಂಡುಹೂವಿನ ಮಾಲೆ ಒಣಗಿತ್ತು, ಸುಟ್ಟಿರಲಿಲ್ಲ. ಧಾರಿಣಿ ಅದನ್ನೇ ನೋಡುತ್ತ ನಿಂತಳು.

ವಿದ್ಯುತ್ತಿನ ಕುಲುಮೆ. ಇದನ್ನು ಕೂರಿಸಿದ್ದಕ್ಕೇ ಫರೀದಾಬಾದಿನ ಈ ಎರಕದ ಕಾರ್ಖಾನೆಯ ಹಸಿರು ಫಾರಮ್ಮಿಗೆ ಅವಳು ಇವತ್ತು ಸಹಿ ಹಾಕಬೇಕಿತ್ತು. ಗ್ರೇಟರ್ ನೋಯ್ಡಾದ ಕಾರು ಕಂಪನಿಯಲ್ಲಿ ಅವಳದು ಅದೇ ಕೆಲಸ. ಬಿಡಿಭಾಗ ಕೊಡುವವರು ಎಷ್ಟು ಕಲ್ಲಿದ್ದಲು ಸುಡುತ್ತಾರೆಂದು ಬರೆಸಿಕೊಳ್ಳುವುದು, ಕಡಿಮೆ ಮಾಡಿದವರಿಗೆ ಆರ್ಡರ್ ಮುಂದುವರಿಸುವುದು. ಫಾರಮ್ಮು ಅವಳ ಗಂಡ ರಜತ್ ಬರೆದದ್ದು. ಎಂಟು ತಿಂಗಳ ಹಿಂದೆ, 2009ರ ಮಾರ್ಚಿನಲ್ಲಿ, ಅವನು ಹೆದ್ದಾರಿಯ ಅಪಘಾತದಲ್ಲಿ ತೀರಿಕೊಂಡ. ಅವನ ಕುರ್ಚಿ ಅವಳಿಗೆ ಬಂತು. ಫಾರಮ್ಮಿನ ಕೆಳಗೆ ಅವನ ಹೆಸರು ಹಾಗೇ ಇತ್ತು. ಅದರಲ್ಲಿ ಒಂದು ಅಲ್ಪವಿರಾಮವನ್ನೂ ಅವಳು ಮುಟ್ಟಿರಲಿಲ್ಲ.

"ಈ ಮಾಲೆ ಯಾವಾಗಿಂದು, ಕಿಶನ್‌ಜೀ?"

"ವಿಶ್ವಕರ್ಮ ಪೂಜೆದು, ಮೇಡಂಜಿ," ಎಂದ ಮಾಲೀಕ. "ಲಡ್ಡು ನಿಮ್ಮ ಆಫೀಸಿಗೂ ಕಳಿಸಿದ್ದೆ. ಸಿಗಲಿಲ್ವಾ?"

"ತಿಂಡಿಪೋತ ಅನಂತಮೂರ್ತಿ ಇರೋ ಆಫೀಸಲ್ಲಿ ಲಡ್ಡು ನಮ್ಮ ಟೇಬಲ್‌ತನಕ ಬರುತ್ತಾ!" ಎಂದು ನಕ್ಕ, ಅವಳ ಜೊತೆ ಬಂದಿದ್ದ ಸಹೋದ್ಯೋಗಿ ಚಿದಂಬರ.

ಪೂಜೆಯಾಗಿ ಎರಡು ತಿಂಗಳು. ಕಬ್ಬಿಣ ಕರಗಿಸುವ ಬಾಯಿಯ ಮೇಲೆ ಹೂವು ಎರಡು ತಿಂಗಳು ಉಳಿಯುವುದುಂಟೇ? ಪಕ್ಕದಲ್ಲಿ ಪೇರಿಸಿದ್ದ ಬ್ರೇಕ್ ಡ್ರಮ್ಮಿನ ಮೇಲೆ ಕೈಯಿಟ್ಟವಳು ಥಟ್ಟನೆ ಹಿಂದೆಗೆದಳು. ಬಿಸಿ.

"ಇವನ್ನ ಎಲ್ಲಿ ಎರಕ ಹೊಯ್ದಿದ್ದು?"

ಕಿಶನ್ ಏನೂ ಮುಚ್ಚಿಡಲಿಲ್ಲ. ಮದುವೆ ಮನೆಗೆ ಕರೆದೊಯ್ಯುವವನಂತೆ ಹಿಂಗೋಡೆಯ ಸಣ್ಣ ಬಾಗಿಲು ತೆರೆದ. ಆಚೆ ತಗಡಿನ ಶೆಡ್ಡು. ಒಳಗೆ ಹಳೆಯ ಕಲ್ಲಿದ್ದಲ ಕುಲುಮೆ ಭೋರೆನ್ನುತ್ತಿತ್ತು. ಹೊಗೆ ನೆರೆಮನೆಗಳ ತಾರಸಿಯಲ್ಲಿ ಒಣಹಾಕಿದ್ದ ಬಟ್ಟೆಗಳ ಮೇಲೆ ಹಾದುಹೋಗುತ್ತಿತ್ತು.

"ಭಾವಮೈದುನನ ಹೆಸರಲ್ಲಿದೆ," ಎಂದ ಹೆಮ್ಮೆಯಿಂದ. "ದಿನಕ್ಕೆ ಆರು ಗಂಟೆ ಕರೆಂಟೇ ಇರಲ್ಲ. ಆ ಡಬ್ಬ ಇಟ್ಕೊಂಡು ಏನು ಮಾಡಲಿ? ರಜತ್ ಸಾಹೇಬರ ಫಾರಮ್ಮು ಮೂರು ಸಲ ಓದಿಸಿದೆ. 'ಗೇಟಿನ ಒಳಗೆ ಸುಟ್ಟ ಕಲ್ಲಿದ್ದಲು ಎಷ್ಟು?' ಒಳಗೆ ಸೊನ್ನೆ. ಸುಳ್ಳು ಬರೆದಿದ್ರೆ ಹೇಳಿ!"

ಧಾರಿಣಿಗೆ ಕಿವಿ ಮುಚ್ಚಿಕೊಂಡಂತಾಯಿತು. ರಜತ್‌ನನ್ನು ಒಯ್ದಿದ್ದ ಆಸ್ಪತ್ರೆಯ ಕಾರಿಡಾರಿನಲ್ಲಿಯೂ ಹೀಗೇ ಆಗಿತ್ತು. ಡಾಕ್ಟರ ತುಟಿ ಆಡುತ್ತಿತ್ತು, ಮಾತು ಕೇಳಿಸಿರಲಿಲ್ಲ.

"ಅವರು ಈ ಬಾಗಿಲು ನೋಡಿದ್ರಾ?"

"ಕೇಳಲೇ ಇಲ್ಲ. ಚಹಾ ಕುಡಿದ್ರು, ಹೊಸ ಕುಲುಮೆ ಜೊತೆ ಫೋಟೋ ತೆಗೆಸ್ಕೊಂಡ್ರು. ಒಳ್ಳೆ ಮನುಷ್ಯ."

ಚಿದಂಬರ ಹಿಂದಿ ಬಿಟ್ಟು ಕನ್ನಡಕ್ಕೆ ತಿರುಗಿ ದನಿ ತಗ್ಗಿಸಿದ. "ಇದೇ ಫಾರಮ್ಮು ಮುನ್ನೂರು ಕಾರ್ಖಾನೆಗೆ ಹೋಗಿದೆ, ಧಾರಿಣಿ. ನಾವು ಹೊಗೆ ಇಳಿಸಿದ್ದೀವಿ ಅಂತ ಹೇಳ್ಕೊಂಡಿದ್ದೆಲ್ಲ..."

"ಗೋಡೆ ಆಚೆ ಇದೆ."

"ಸಹಿ ಹಾಕ್ಬಿಡು, ಹೋಗೋಣ. ಅವನು ಮಾಡಿಟ್ಟು ಹೋದ ಕೆಲಸ. ತಪ್ಪು ಅಂತ ನೀನೇ ಹೇಳ್ತೀಯಾ?"

ಅವಳು ಒಳಗೆ ಬಂದು ತಣ್ಣಗಿದ್ದ ಕುಲುಮೆಯ ಮುಚ್ಚಳದ ಮೇಲೆ ಫಾರಮ್ಮು ಹರಡಿದಳು. 'ಗೇಟಿನ ಒಳಗೆ' ಎಂಬಲ್ಲಿ ಗೆರೆ ಎಳೆದಳು. ಮೊದಲ ಗೆರೆ ಮೂಡಲಿಲ್ಲ. ಪೆನ್ನು ಒತ್ತಿ ಮತ್ತೆ ಎಳೆದಳು. ಮೇಲೆ 'ಯಾರ ಹೆಸರಿನಲ್ಲಿ, ಎಲ್ಲಿ ಸುಟ್ಟರೂ' ಎಂದು ಬರೆದಳು.

"ಮೇಡಂಜಿ, ನನ್ನ ಆರ್ಡರು?"

"ಶೆಡ್ಡಿನಲ್ಲಿ ತಿಂಗಳಿಗೆ ಎಷ್ಟು ಸುಡ್ತೀರಿ, ಅದು ಹೇಳಿ ಮೊದಲು."

ಕಿಶನ್ ಚಿದಂಬರನ ಮುಖ ನೋಡಿದ. ಚಿದಂಬರ ಮಾಲೆಯನ್ನು ನೋಡುತ್ತಿದ್ದ.

"ಹನ್ನೆರಡು ಟನ್ನು," ಎಂದ ಕಿಶನ್ ಕೊನೆಗೆ.

ಅದನ್ನು ಬರೆದು, ರಜತ್‌ನ ಹೆಸರಿನ ಕೆಳಗೆ ತನ್ನ ಹೆಸರು ಬರೆದಳು. ಡ್ರಮ್ಮು ಮುಟ್ಟಿದ್ದ ಬೆರಳು ಆಗ ಉರಿಯತೊಡಗಿತು.