ಕೊಯ್ಯದ ಮೂಲೆಯಲ್ಲಿ ತಿರ್ಜಾ

ಮಗುವನ್ನು ಹೊಸ ಕಡೆ ಸೇರಿಸುವಾಗ ಒಂದು ಅರ್ಜಿ ತುಂಬಿಸಿಕೊಳ್ಳುತ್ತಾರಲ್ಲ, ಅದರ ಕೊನೆಯ ಹಾಳೆಗೆ ಬಂದಾಗ ಎಷ್ಟೋ ತಾಯಂದಿರ ಕೈ ನಿಂತುಬಿಡುತ್ತದೆ. ಹೆಸರು, ವಯಸ್ಸು, ವಿಳಾಸ ಎಲ್ಲ ಸರಸರ ಬರೆಯುತ್ತಾರೆ. 'ನಿಮ್ಮ ಮಗುವಿಗೆ ಯಾವುದು ಕಷ್ಟ? ಏನಿದ್ದರೆ ಅನುಕೂಲ?' ಎಂದು ಕೇಳಿದ್ದು ಕಂಡ ಕೂಡಲೇ ಪೆನ್ನಿನ ತುದಿ ಹಲ್ಲಿನ ನಡುವೆ ಹೋಗುತ್ತದೆ.

ಪೆನಿನಾ ಆ ಹಾಳೆಯನ್ನು ಖಾಲಿ ಬಿಟ್ಟಳು. ಅದರಿಂದಾಗಿ ಒಂದು ಸೋಮವಾರ ಬೆಳಿಗ್ಗೆ ನಾವೆಲ್ಲ ಮುಕ್ಕಾಲು ಗಂಟೆ ಜೀವ ಕೈಯಲ್ಲಿ ಹಿಡಿದು ಓಡಾಡಿದೆವು. ಅದನ್ನೇ ಹೇಳುತ್ತೇನೆ, ಕೇಳಿ.

ನಾನು ಫ್ರೂಮಾ. ಅಮೆರಿಕದ ಕನೆಕ್ಟಿಕಟ್ಟಿನಲ್ಲಿ ಗುಡ್ಡದ ಮಗ್ಗುಲಲ್ಲಿರುವ ನಮ್ಮ ತೋಟದಲ್ಲಿ ಅಡುಗೆ ನನ್ನದು. ಬೇಸಿಗೆ ರಜೆಯ ಕೊನೆಯ ಎರಡು ವಾರ ಯೆಹೂದಿ ಮನೆಗಳ ಮಕ್ಕಳು ಇಲ್ಲಿಗೆ ಕಲಿಯಲು ಬರುತ್ತಾರೆ. ಮೇಕೆ ಹಾಲು ಕರೆಯುತ್ತಾರೆ, ಸೌತೆಕಾಯಿ ಕಿತ್ತು ಉಪ್ಪುನೀರಿಗೆ ಹಾಕುತ್ತಾರೆ, ಶುಕ್ರವಾರ ನನ್ನ ಜತೆ ಹಿಟ್ಟು ನಾದಿ, ವಾರದ ವಿಶ್ರಾಂತಿ ದಿನವಾದ ಶಬ್ಬಾತಿನ ಹಲ್ಲಾ ರೊಟ್ಟಿಗೆ ಜಡೆ ಹೆಣೆಯುತ್ತಾರೆ. ನಮ್ಮ ಹಬ್ಬ, ನಮ್ಮ ಕಟ್ಟಳೆ ಮಣ್ಣಿನ ಮೂಲಕ ಅವರಿಗೆ ಸಿಗಲಿ ಎಂಬುದು ಆಸೆ.

ಆ ಸೋಮವಾರ ಪೆನಿನಾ ತನ್ನ ಎಂಟು ವರ್ಷದ ಮಗಳು ತಿರ್ಜಾಳನ್ನು ಕರೆದುಕೊಂಡು ಬಂದಳು. ಜತೆಗೆ ಪೆನಿನಾಳ ಅಪ್ಪ ಗೆಡಲ್ಯಾ. ಮೂವತ್ತು ವರ್ಷದಿಂದ ಪ್ರಾರ್ಥನಾ ಮಂದಿರದಲ್ಲಿ ಹೊಸ ವರ್ಷದ ಟಗರಿನ ಕೊಂಬು ಊದುವವರು ಅವರೇ. ಹೊಸ ವರ್ಷಕ್ಕೆ ಮುಂಚಿನ ಎಲೂಲ್ ತಿಂಗಳು ಪೂರ್ತಿ, ಶಬ್ಬಾತ್ ಬಿಟ್ಟು ದಿನಾ ಬೆಳಿಗ್ಗೆ ಕೊಂಬು ಊದಬೇಕು. ಈ ಸಲ ತೋಟದ ಮಕ್ಕಳಿಗೂ ತಾವೇ ಊದುವುದಾಗಿ ಒಪ್ಪಿಕೊಂಡಿದ್ದರು. ಮೊಮ್ಮಗಳು ಎದುರಿಗೆ ನಿಂತು ಕೇಳುತ್ತಾಳೆ ಎಂದು ಅವರಿಗೆ ಹಿಗ್ಗೋ ಹಿಗ್ಗು.

ಮಕ್ಕಳನ್ನು ನೋಡಿಕೊಳ್ಳುವ ಹದಾಸಾ ಅರ್ಜಿ ತಿರುವಿದಳು. "ಕೊನೇ ಹಾಳೆ ಹಾಗೇ ಇದೆಯಲ್ಲ ಪೆನಿನಾ?"

ಪೆನಿನಾ ಕೈಚೀಲದ ಜಿಪ್ಪನ್ನು ಎಳೆದಳು, ಮುಚ್ಚಿದಳು, ಮತ್ತೆ ಎಳೆದಳು. "ಬರೆಯೋವಂಥದ್ದು ಏನಿಲ್ಲ. ಸ್ವಲ್ಪ ಸಂಕೋಚದ ಹುಡುಗಿ, ಅಷ್ಟೇ."

"ಏನೂ ಇಲ್ಲದ ಮಗು ನಾನಿನ್ನೂ ನೋಡಿಲ್ಲಪ್ಪ. ನನ್ನ ಮಗನಿಗೆ ಕಾಲುಚೀಲದ ಹೊಲಿಗೆ ಚುಚ್ಚಿದ್ರೆ ಸಾಕು, ಮನೇಲಿ ಪ್ರಳಯ!"

"ಬಿಡಮ್ಮ ಹದಾಸಾ," ಎಂದರು ಗೆಡಲ್ಯಾ. "ಮೇಕೆ ಏನು ಅರ್ಜಿ ಕೇಳುತ್ತಾ? ಸೇರಿಸ್ಕೋ ಮಗೂನ."

ಹದಾಸಾ ಇನ್ನೊಂದು ಮಾತು ಕೇಳಬೇಕಿತ್ತು. ಅಷ್ಟರಲ್ಲಿ ಯಾರದೋ ಬೂಟು ಕೆಸರಿನಲ್ಲಿ ಸಿಕ್ಕಿಕೊಂಡು ಕೂಗಾಟ ಶುರುವಾಯಿತು. ಅವಳು ಅತ್ತ ಓಡಿದಳು.

ಪೆನಿನಾ ಹೊರಡಬೇಕಿತ್ತು, ಹೊರಡಲಿಲ್ಲ. ಕಾರಿನವರೆಗೆ ಹೋಗುವುದು, ಬೀಗದ ಕೈ ಮರೆತವಳಂತೆ ವಾಪಸು ಬರುವುದು. ನನ್ನ ಅಡುಗೆಮನೆ ಕಿಟಕಿಯ ಮುಂದೆ ನಾಲ್ಕು ಸಲ ಹಾದಳು.

"ಒಳಗೆ ಬಾರೇ, ಕಾಫಿ ಕುಡಿ. ನಿನ್ನ ನೋಡ್ತಾ ನೋಡ್ತಾ ನಂಗೇ ಕಾಲು ನೋವು ಬಂತು," ಎಂದೆ.

"ಬೇಡ ಫ್ರೂಮಕ್ಕ. ಕೂತ್ರೆ ಎದೆ ಹೊಡ್ಕೊಳ್ಳುತ್ತೆ."

ಅತ್ತ ಹದಾಸಾ ಮಕ್ಕಳಿಗೆ ತೋಟ ತೋರಿಸುತ್ತಿದ್ದಳು. ಇದು ಕೊಳ, ಒಬ್ಬರೇ ಹೋಗಬಾರದು. ಇದು ರಸ್ತೆ, ಹಾಲಿನ ಲಾರಿ ಓಡಾಡುತ್ತವೆ. ಮುಸುಕಿನ ಜೋಳದ ಹೊಲಕ್ಕೆ ಬಂದಾಗ ಸ್ವಲ್ಪ ನಿಂತಳು. ಹೊಲವೆಲ್ಲ ಕೊಯ್ದಾಗಿತ್ತು. ಒಂದು ಮೂಲೆ ಮಾತ್ರ ಆಳೆತ್ತರ ನಿಂತಿತ್ತು.

"ಈ ಮೂಲೆ ನಮ್ಮದಲ್ಲ," ಎಂದಳು. "ಹೊಲದ ಮೂಲೆ ಕೊಯ್ಯಬೇಡ ಅಂತ ನಮ್ಮ ಧರ್ಮಗ್ರಂಥ ತೋರಾದಲ್ಲೇ ಇದೆ. ಇದು ಬೇಕಾದವರಿಗೆ. ಅವರು ಬಂದು ಯಾರನ್ನೂ ಕೇಳದೆ ತಗೊಂಡು ಹೋಗಬಹುದು. ಅವರಿಗೆ ಮುಜುಗರ ಆಗಬಾರದಲ್ಲ, ಅದಕ್ಕೆ ನಾವು ಯಾರೂ ಇದರೊಳಗೆ ಹೋಗಲ್ಲ."

ಒಂಬತ್ತು ಗಂಟೆಗೆ ಮಕ್ಕಳೆಲ್ಲ ನೀರಿನ ಪಂಪಿನ ಬಳಿ ಸೇರಿದರು. ತಿರ್ಜಾ ಬಿಳಿ ಮೇಕೆ ಲೆವಾನಾಳ ಹಗ್ಗ ಹಿಡಿದು, ಅದರ ಬೆನ್ನಿಗೆ ಕೆನ್ನೆ ಒತ್ತಿ ನಿಂತಿದ್ದಳು. ಗೆಡಲ್ಯಾ ಅವಳ ಹಿಂದಿನಿಂದ ಬಂದರು. ಬೆರಗುಗೊಳಿಸಬೇಕೆಂದು ಒಂದು ಮಾತೂ ಹೇಳದೆ ಕೊಂಬನ್ನು ತುಟಿಗಿಟ್ಟು, ಎದೆಯಲ್ಲಿದ್ದ ಉಸಿರನ್ನೆಲ್ಲ ಊದಿದರು.

ಅಡುಗೆಮನೆಯಲ್ಲಿ ನನ್ನ ಒಲೆಯ ಮೇಲಿನ ಪಾತ್ರೆಯೇ ಗುಂಯ್ ಎಂದಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತಾಗ ಮೇಕೆಯ ಹಗ್ಗ ನೆಲದ ಮೇಲಿತ್ತು. ತಿರ್ಜಾ ಇರಲಿಲ್ಲ.

ಒಬ್ಬರು ಕೊಳಕ್ಕೆ ಓಡಿದರು, ಒಬ್ಬರು ರಸ್ತೆಗೆ. ನಾನು ಹಿಟ್ಟಿನ ಕೈಯಲ್ಲೇ ಮೇಕೆ ಕೊಟ್ಟಿಗೆ, ಸೇಬಿನ ಸಾಲು, ಗೊಬ್ಬರದ ಗುಡ್ಡೆ ಎಲ್ಲ ಸುತ್ತಿದೆ. "ತಿರ್ಜಾ! ತಿರ್ಜಾ!" ಎಂದು ತೋಟದ ನಾಲ್ಕೂ ದಿಕ್ಕಿನಿಂದ ಕೂಗು. ಗೆಡಲ್ಯಾ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದರು. ಹತ್ತು ನಿಮಿಷ ಆಯಿತು. ಅರ್ಧ ಗಂಟೆ ಆಯಿತು. ಕೊಳದಲ್ಲಿ ಕೋಲು ಹಾಕಿ ನೋಡುತ್ತಿದ್ದವನ ಮುಖವನ್ನು ನೋಡುವ ಧೈರ್ಯ ನನಗಾಗಲಿಲ್ಲ.

ಪೆನಿನಾ ಹದಾಸಾಳ ತೋಳು ಹಿಡಿದುಕೊಂಡಳು. "ಸುಳ್ಳು ಹೇಳ್ದೆ. ಅವಳಿಗೆ ಆಟಿಸಂ ಇದೆ. ನಾಲ್ಕು ವರ್ಷ ಇದ್ದಾಗಲೇ ಡಾಕ್ಟರ್ ಹೇಳಿದ್ರು. ದಿಢೀರ್ ಅಂತ ಸದ್ದಾದ್ರೆ ತಡ್ಕೊಳ್ಳಲ್ಲ."

ಹದಾಸಾ ಬೈಯಲಿಲ್ಲ. "ಹೆದರಿದಾಗ ಎಲ್ಲಿಗೆ ಹೋಗ್ತಾಳೆ?"

"ಯಾರೂ ಇಲ್ಲದ ಕಡೆ."

"ಹೆಸರು ಹಿಡಿದು ಕೂಗಿದ್ರೆ?"

"ಇನ್ನೂ ಒಳಗೆ ಹೋಗ್ತಾಳೆ. ಉಸಿರೂ ಬಿಡಲ್ಲ."

ಅರ್ಧ ಗಂಟೆಯಿಂದ ನಾವು ಮಾಡುತ್ತಿದ್ದದ್ದು ಅದೊಂದೇ! ಹದಾಸಾ ಎರಡೂ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು. ತೋಟ ಸ್ತಬ್ಧವಾಯಿತು. "ಯಾರೂ ಇಲ್ಲದ ಕಡೆ... ಯಾರೂ ಹೋಗದ ಕಡೆ..." ಎಂದು ಗೊಣಗುತ್ತಾ ಸುತ್ತ ನೋಡಿದಳು. ಅವಳ ಕಣ್ಣು ಜೋಳದ ಮೂಲೆಯ ಮೇಲೆ ನಿಂತಿತು.

ನಾನು ಆ ಮೂಲೆಯನ್ನು ಮೂರು ಸಲ ಬಳಸಿ ಓಡಿದ್ದೆ. ವರ್ಷಗಟ್ಟಲೆ ಬಳಸಿಕೊಂಡೇ ಹೋಗಿ ಅಭ್ಯಾಸವಾದ ಕಾಲು. ಒಳಗೆ ಇಣುಕಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಪೆನಿನಾ ಒಬ್ಬಳೇ ಮೆಲ್ಲಗೆ ಒಳಗೆ ಹೋದಳು. ಹದಾಸಾ ಅಂಚಿನಲ್ಲಿ ನೆಲಕ್ಕೆ ಕೂತಳು. ಗರಿಗಳ ಸರಸರ ಸದ್ದು. ಆಮೇಲೆ ಏನೂ ಇಲ್ಲ. ಆಮೇಲೆ ಒಂದು ಪುಟ್ಟ ದನಿ:

"ಅಮ್ಮಾ, ನಾನು ತಪ್ಪು ಮಾಡಿಲ್ಲ. ಬೇಕಾದವರು ಕೇಳದೇ ಬರಬಹುದು ಅಂತ ಅವರೇ ಹೇಳಿದ್ರು. ನಂಗೆ ಬೇಕಾಗಿತ್ತು."

ಹದಾಸಾ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

ಆದರೆ ಕಷ್ಟ ಮುಗಿಯಲಿಲ್ಲ. ಅಡುಗೆಮನೆಯ ಮೇಜಿನ ಬಳಿ ಪೆನಿನಾ ಕೂರದೆಯೇ ಹೇಳಿಬಿಟ್ಟಳು: "ನಾಳೆಯಿಂದ ಬರಲ್ಲ. ಮುಂಚೆ ಬೇರೆ ಎರಡು ಕಡೆ ಸೇರಿಸೋಕೆ ನೋಡಿದ್ದೆ. ಹಾಳೆ ತುಂಬಿದ್ದಕ್ಕೆ ಒಂದು ಕಡೆ 'ನಮ್ಮಲ್ಲಿ ಅನುಕೂಲ ಇಲ್ಲ' ಅಂದ್ರು. ಇನ್ನೊಂದು ಕಡೆ ಮೂರನೇ ದಿನಕ್ಕೆ ಫೋನ್ ಮಾಡಿ ಕರ್ಕೊಂಡು ಹೋಗಿ ಅಂದ್ರು. ಮೂರನೇ ಸಲ ನೀವು ಹೇಳೋಕೆ ಮುಂಚೆ ನಾನೇ ಹೊರಡ್ತೀನಿ."

"ನಾನು ಹೋಗು ಅಂದ್ನಾ?" ಎಂದಳು ಹದಾಸಾ. "ಹಾಳೆ ಕೇಳೋದು ಆರಿಸಿ ಬಿಸಾಕೋಕಲ್ಲ ಪೆನಿನಾ. ಬೆಳಿಗ್ಗೆ ಗೊತ್ತಿದ್ದಿದ್ರೆ ನಾವು ಕೂಗ್ತಾ ಇರಲಿಲ್ಲ. ಐದು ನಿಮಿಷಕ್ಕೆ ಸಿಗ್ತಿದ್ದಳು. ಈ ಹಾಳೆ ಊರಿಗೆ ಓದಿ ಹೇಳೋದೂ ಇಲ್ಲ. ಅವಳ ಜತೆ ಇರೋ ಮೂರು ಜನ ಓದ್ತೀವಿ, ಅಷ್ಟೇ."

ಗೆಡಲ್ಯಾ ಕೊಂಬನ್ನು ತೊಡೆಯ ಮೇಲೆ ಅತ್ತಿತ್ತ ಹೊರಳಿಸುತ್ತಿದ್ದರು. "ಅಭ್ಯಾಸ ಆಗುತ್ತೆ ಬಿಡಿ. ನಾಲ್ಕು ದಿನ ಕೇಳಿದ್ರೆ ಹೆದರಿಕೆ ಹೋಗುತ್ತೆ. ಒಬ್ಬಳಿಗೋಸ್ಕರ ಕೊಂಬು ಊದೋದು ನಿಲ್ಲಿಸೋಕಾಗುತ್ತಾ?"

"ನಿಲ್ಲಿಸಿ ಅಂತ ಯಾರು ಅಂದ್ರು?" ಎಂದಳು ಹದಾಸಾ. "ಅಜ್ಜಾ, ಮಂದಿರದಲ್ಲಿ ಎಲ್ಲರೂ ಎದ್ದು ನಿಂತಾಗ ನೀವೇನು ಮಾಡ್ತೀರಿ?"

"ಕೂತಿರ್ತೀನಿ. ಮಂಡಿ ನೋವು, ತುಂಬ ಹೊತ್ತು ನಿಲ್ಲೋಕಾಗಲ್ಲ, ನಿಂಗೆ ಗೊತ್ತಲ್ಲ."

"ಯಾರಾದ್ರೂ ನಿಮ್ಮ ಕುರ್ಚಿ ಎಳೆದು, ನಿಂತೂ ನಿಂತೂ ಅಭ್ಯಾಸ ಆಗುತ್ತೆ ಅಂದ್ರಾ?"

ನಾನು ನಗು ತಡೆಯಲಾರದೆ ಒಲೆಯ ಕಡೆ ತಿರುಗಿದೆ. ಗೆಡಲ್ಯಾ ನನ್ನನ್ನು ದುರುಗುಟ್ಟಿ ನೋಡಿದರು. "ಫ್ರೂಮಾ, ನಿನ್ನ ಸಾರು ಉಕ್ತಾ ಇದೆ ನೋಡ್ಕೋ!" ಉಕ್ಕುತ್ತಿರಲಿಲ್ಲ.

"ಬೇರೆ ಮಕ್ಕಳು ಕೇಳಲ್ವಾ? ಅವಳಿಗೆ ಮಾತ್ರ ಯಾಕೆ ಅಂತ?" ಪೆನಿನಾಳ ಅನುಮಾನ.

"ಕೇಳ್ತಾರೆ. ಕನ್ನಡಕ ಇವನಿಗೆ ಮಾತ್ರ ಯಾಕೆ ಅಂತಾನೂ ಒಂದು ಸಲ ಕೇಳ್ತಾರೆ. ಹೇಳಿದ್ರೆ ಸುಮ್ಮನಾಗ್ತಾರೆ, ಆಟಕ್ಕೆ ಹೋಗ್ತಾರೆ. ಅದಿರಲಿ, ಇಲ್ಲೀವರೆಗೆ ನಾವು ಯಾರೂ ಕೇಳದೇ ಇರೋರು ಒಬ್ಬರಿದ್ದಾರೆ." ಹದಾಸಾ ತಿರ್ಜಾಳ ಕಡೆ ತಿರುಗಿದಳು. ಹುಡುಗಿ ಮೇಜಿನ ಕೆಳಗೆ ಕೂತು ಒಂದು ಜೋಳದ ತೆನೆಯ ಕಾಳುಗಳನ್ನು ಸಾಲು ಸಾಲಾಗಿ ಎಣಿಸುತ್ತಿದ್ದಳು. "ತಿರ್ಜಾ, ಕೊಂಬಿನ ಸದ್ದು ಬರುವಾಗ ಏನಿದ್ರೆ ನಿಂಗೆ ಪರವಾಗಿಲ್ಲ?"

ಕಾಳು ಎಣಿಸುವುದು ನಿಲ್ಲಲಿಲ್ಲ. ಸಾಲು ಮುಗಿದ ಮೇಲೆ ಉತ್ತರ ಬಂತು. "ಅಜ್ಜ ಮುಂಚೆ ಹೇಳೋದೇ ಇಲ್ಲ. ಹಿಂದಿನಿಂದ ಬರ್ತಾನೆ. ಹೇಳಿದ್ರೆ ನಾನು ದೂರ ನಿಲ್ತೀನಿ."

ಗೆಡಲ್ಯಾ ಅವರ ಕೈ ಕೊಂಬಿನ ಮೇಲೆ ನಿಂತುಹೋಯಿತು. ಮೂವತ್ತು ವರ್ಷ ಊದಿದ ಮನುಷ್ಯ. ಕೇಳುವವರನ್ನು ಕೇಳಬೇಕೆಂದು ಒಂದು ಸಲವೂ ಅನ್ನಿಸಿರಲಿಲ್ಲವೇನೋ.

ಪೆನಿನಾ ಕೊನೆಗೂ ಕೂತಳು. ಪೆನ್ನು ತೆಗೆದಳು.

ಮಂಗಳವಾರ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಸದ್ದು ತಡೆಯಲೆಂದು ತಿರ್ಜಾಳಿಗೆ ಕಿವಿಗೆ ಹಾಕುವ ದಪ್ಪ ಮುಚ್ಚಿಗೆ ಕೊಟ್ಟೆವು. ತಲೆ ಹಿಡಿಯುತ್ತದೆ ಎಂದು ಕಿತ್ತು ಮೇಕೆಯ ನೀರಿನ ತೊಟ್ಟಿಗೆ ಎಸೆದಳು. ಕೊಂಬು ಊದಿದಾಗ ಮತ್ತೆ ಜೋಳದ ಮೂಲೆಗೆ ಓಡಿದಳು. ಈ ಸಲ ಯಾರೂ ಕೂಗಲಿಲ್ಲ. ಹದಾಸಾ ಅಂಚಿನಲ್ಲಿ ಹೋಗಿ ಕೂತಳು, ಹುಡುಗಿ ಆರು ನಿಮಿಷಕ್ಕೆ ತಾನೇ ಹೊರಬಂದಳು. ಬುಧವಾರ ಹದಾಸಾ ದಿನದ ಕೆಲಸಗಳನ್ನು ಸಾಲಾಗಿ ಚಿತ್ರ ಬರೆದು ಬೇಲಿಗೆ ಕಟ್ಟಿದಳು: ಮೇಕೆ, ಕೊಂಬು, ಸೌತೆಕಾಯಿ, ಊಟ. ಮುಂದೇನು ಎಂದು ತಿರ್ಜಾ ಓಡಿ ಓಡಿ ನೋಡಿಕೊಳ್ಳುತ್ತಿದ್ದಳು. ತಮಾಷೆ ಎಂದರೆ ಉಳಿದ ಮಕ್ಕಳೂ ನೋಡತೊಡಗಿದರು. "ಊಟಕ್ಕೆ ಎಷ್ಟು ಹೊತ್ತು?" ಎಂದು ನನ್ನ ಜೀವ ತಿನ್ನುವುದು ಅರ್ಧ ಕಡಿಮೆಯಾಯಿತು.

ಗುರುವಾರ ಗೆಡಲ್ಯಾ ಪಂಪಿನ ಬಳಿ, ಎಲ್ಲರಿಗೂ ಕಾಣುವ ಹಾಗೆ ಎದುರಿಗೆ ನಿಂತರು. ತಿರ್ಜಾ ಐವತ್ತು ಹೆಜ್ಜೆ ದೂರ, ಮೇಕೆಗಳ ಬೇಲಿಯ ಆಚೆ, ಲೆವಾನಾಳ ಜತೆ. ಅಜ್ಜ ತಲೆಯ ಹುಲ್ಲಿನ ಟೋಪಿ ತೆಗೆದು ಮೇಲೆತ್ತಿದರು. ಅದು ಇಬ್ಬರೂ ಮಾಡಿಕೊಂಡ ಗುರುತು. ಅದರ ಕೆಳಗೆ ನೆತ್ತಿಯ ಮೇಲಿದ್ದ ಪುಟ್ಟ ಕಿಪ್ಪಾ ಟೋಪಿ ಗಾಳಿಗೆ ಹಾರಿತು, ಮಕ್ಕಳು ನಕ್ಕರು, ಅವರು ಲೆಕ್ಕಿಸಲಿಲ್ಲ. ಕೊಂಬು ತುಟಿಯಲ್ಲಿ. ಕಣ್ಣು ಬೇಲಿಯ ಆಚೆ.

ತಿರ್ಜಾ ಕಿವಿ ಮುಚ್ಚಿಕೊಂಡಳು. ತೆಗೆದಳು. ಮೇಕೆಯ ಹಗ್ಗವನ್ನು ಗೂಟಕ್ಕೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಮಕ್ಕಳ ಕಾಲು ನಿಲ್ಲುತ್ತಿಲ್ಲ. ಪೆನಿನಾಳ ಜಿಪ್ಪು ಮೇಲೆ ಕೆಳಗೆ, ಮೇಲೆ ಕೆಳಗೆ. ಗೆಡಲ್ಯಾ ಅವರ ಮಂಡಿ ನಡುಗುತ್ತಿದ್ದುದು ನನ್ನ ಕಿಟಕಿಗೇ ಕಾಣುತ್ತಿತ್ತು. ನಾನು ಕುರ್ಚಿ ಎತ್ತಿಕೊಂಡು ಹೊರಗೆ ಹೋದೆ. ಅವರು ತಲೆ ಅಲ್ಲಾಡಿಸಿ ಬೇಡವೆಂದರು. ಊದಲಿಲ್ಲ. ಕಾದರು.

ತಿರ್ಜಾ ಎರಡೂ ಕಿವಿ ಭದ್ರವಾಗಿ ಮುಚ್ಚಿ, ಗಲ್ಲ ಎದೆಗೆ ತಾಗುವಷ್ಟು ಜೋರಾಗಿ ತಲೆ ಆಡಿಸಿದಳು. ಊದು.

ಅಜ್ಜ ಊದಿದರು. ಉದ್ದಕ್ಕೆ, ಗುಡ್ಡದ ಆಚೆಯವರೆಗೆ. ಓಡಿದ್ದು ಮೇಕೆ! ಹಗ್ಗ ಕಿತ್ತುಕೊಂಡು ನೇರ ಜೋಳದ ಮೂಲೆಗೆ. ತಿರ್ಜಾ ನಿಂತಲ್ಲೇ ನಿಂತಿದ್ದಳು. ಸದ್ದು ಪೂರ್ತಿ ಅಡಗಿದ ಮೇಲೆ ಕಿವಿಯಿಂದ ಕೈ ತೆಗೆದು, ತೋಟಕ್ಕೆಲ್ಲ ಕೇಳುವ ಹಾಗೆ ಹೇಳಿದಳು: "ಯಾರೂ ಕೂಗಬೇಡಿ! ಲೆವಾನಾ ತಾನೇ ಬರುತ್ತೆ."

ಎರಡೂ ವಾರ ಅವಳು ಪೂರ್ತಿ ಬಂದಳು. ಮುಂದಿನ ವರ್ಷದ ಅರ್ಜಿಯ ಕೊನೆಯ ಹಾಳೆಯನ್ನು ಗೆಡಲ್ಯಾ ಅವರೇ ತುಂಬಿಸಿದ್ದಾರೆ. ಅಂಚಿನವರೆಗೂ ಬರೆದು, ಜಾಗ ಸಾಲದೆ ಹಿಂಬದಿಗೂ ಹೋಗಿದ್ದಾರೆ. ಕಷ್ಟಗಳು ನಾಲ್ಕು ಸಾಲು. ಉಳಿದದ್ದೆಲ್ಲ ಅವಳಿಗೆ ಏನೇನು ಬರುತ್ತದೆ ಎಂಬುದು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೈಗೂ ಅಂಥದೊಂದು ಹಾಳೆ ಬಂದೀತು. ಖಾಲಿ ಬಿಡಬೇಡಿ. ಮಗು ಯಾವುದಕ್ಕೆ ಹೆದರುತ್ತದೆ, ಹೆದರಿದಾಗ ಏನು ಮಾಡುತ್ತದೆ, ಯಾವುದರಿಂದ ಸಮಾಧಾನವಾಗುತ್ತದೆ ಎಂದು ಬರೆಯಿರಿ. ಬರೆಯುವ ಮುಂಚೆ ಮಗುವನ್ನೂ ಒಂದು ಮಾತು ಕೇಳಿ. ಮಕ್ಕಳಿಗೆ ಕಲಿಸುವ ಜಾಗ ನಡೆಸುವವರೇ, ಹಾಳೆ ಓದಿ ಬಾಗಿಲು ಮುಚ್ಚಬೇಡಿ. ಹೊಲದಲ್ಲಿ ಬಿಟ್ಟಂತೆ ನಿಮ್ಮ ದಿನದಲ್ಲೂ ಒಂದು ಮೂಲೆ ಬಿಡಿ. ಯಾವ ಮಗು ಯಾವಾಗ ಅಲ್ಲಿಗೆ ಓಡಿ ಬಂದೀತೋ ಹೇಳಲಾಗದು. ಬಂದಾಗ ಕೂಗಬೇಡಿ. ಅಂಚಿನಲ್ಲಿ ಕೂತು ಕಾಯಿರಿ.