ನಡುವಿನವಳು

ದೊಡ್ಡವಳ ಮನೆಯಲ್ಲಿ ಊಟದ ಮೇಜಿನ ಮೇಲೆ ಹೂವಿಲ್ಲದೆ ಯಾರೂ ತುತ್ತು ಎತ್ತುವಂತಿರಲಿಲ್ಲ. ಜ್ವರ ಬಂದಿರಲಿ, ಕರೆಂಟು ಹೋಗಿರಲಿ, ಗಂಡ ಬಸ್ಸಿನ ಡ್ಯೂಟಿ ಮುಗಿಸಿ ಹಸಿದು ಹುಲಿಯಾಗಿ ಬಂದಿರಲಿ, ಮೊದಲು ಮೇಜಿನ ನಡುವೆ ಬಟ್ಟಲು ಬರಬೇಕು. ಬಟ್ಟಲಲ್ಲಿ ಆಯಾ ಕಾಲದ ಹೂವೋ ಸೊಪ್ಪೋ ಕಡ್ಡಿಯೋ ಇರಬೇಕು. ಆಮೇಲೆ ಊಟ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಡತಿಯನ್ನು ನೋಡಿ, ನಾನು ಕಟ್ಟಿಕೊಂಡದ್ದು ಔಷಧಿ ಅಂಗಡಿಯವಳನ್ನೋ ತೋಟದವಳನ್ನೋ ಎಂದು ಗಂಡ ಗೊಣಗುತ್ತಿದ್ದ. ಗೊಣಗುತ್ತಲೇ ಡಿಪೋದ ಹಿಂದಿನ ಬಯಲಿನಿಂದ ಬಿಳಿ ತೆನೆಯ ಹುಲ್ಲು ಕಿತ್ತು ತರುತ್ತಿದ್ದವನೂ ಅವನೇ. ಪಾಪ, ಅಂಥ ಗಂಡ ಹುಡುಕಿದರೂ ಸಿಗುವುದಿಲ್ಲ.

ಇದನ್ನು ಬರೀ ಶೋಕಿ ಎನ್ನಬೇಡಿ. ಒಂಬತ್ತು ವರ್ಷದ ಹಿಂದೆ ಅಮ್ಮ ಆಸ್ಪತ್ರೆಯ ಮಂಚದ ಮೇಲೆ ಆಡಿದ ಕೊನೆಯ ಮಾತು ಅದು: "ನಡುವಿನವಳನ್ನ ಬಿಟ್ಟು ಊಟಕ್ಕೆ ಕೂರಬೇಡಿ." ಆ ಮನೆಯ ಮಕ್ಕಳ ಬಾಯಲ್ಲಿ ನಡುವಿನವಳು ಎಂದರೆ ಮೇಜಿನ ನಡುವೆ ಕೂರುವ ಹೂವಿನ ಬಟ್ಟಲು. ನಡುವಿನವಳಿಗೆ ನೀರು ಹಾಕಿದ್ಯಾ, ನಡುವಿನವಳು ಬಾಡಿದ್ದಾಳೆ ಎತ್ತು, ನಡುವಿನವಳ ಮೇಲೆ ಮೊಣಕೈ ತಾಗಿಸಬೇಡ, ಹೀಗೆಯೇ ಅವರ ಬಾಲ್ಯವೆಲ್ಲ ಕಳೆದಿತ್ತು. ಹೊರಗಿನವರು ಕೇಳಿ ತಬ್ಬಿಬ್ಬಾದರೆ ಅಕ್ಕತಂಗಿಯರಿಗೆ ಇನ್ನಷ್ಟು ಖುಷಿ. ಅಮ್ಮನ ಕೊನೆಯ ಮಾತನ್ನು ದೊಡ್ಡವಳು ಒಂಬತ್ತು ವರ್ಷ ಒಂದು ಹೊತ್ತೂ ತಪ್ಪದೆ ಪಾಲಿಸಿದ್ದಳು. ಹಾಗೆಂದುಕೊಂಡಿದ್ದಳು.

ಅಮ್ಮ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದವಳು. ದಿನವಿಡೀ ಬೇರೆಯವರ ಚಾದರ, ಬೇರೆಯವರ ಅಂಗಿ. ಸಂಜೆ ಕೆಲಸ ಬಿಟ್ಟು ಮನೆಗೆ ನಡೆದು ಬರುವಾಗ ಕೈಚೀಲದಲ್ಲಿ ಒಂದು ಪುಟ್ಟ ಕತ್ತರಿ. ಬೀದಿಯ ಎಡಬಲದ ಕಾಂಪೌಂಡುಗಳೆಲ್ಲ ಅವಳಿಗೆ ಬಾಯಿಪಾಠ. ಯಾವ ಗೋಡೆಯ ಮೇಲಿಂದ ಯಾವ ತಿಂಗಳು ಏನು ಇಣುಕುತ್ತದೆ ಎಂಬುದು ಮನೆಯವರಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು. ಗೋಡೆಯೊಳಗಿನದು ಅವರದು, ಆಚೆ ಬಾಗಿದ್ದು ಬೀದಿಯದು ಎಂಬುದು ಅವಳು ತಾನೇ ಬರೆದುಕೊಂಡ ಕಾನೂನು. ಒಮ್ಮೆ ಒಬ್ಬ ಮುದುಕ ಕಿಟಕಿಯಿಂದ ಕೂಗಿದಾಗ ಅಮ್ಮ ನಕ್ಕು, ನಿಮ್ಮ ಗಿಡಕ್ಕೆ ಕ್ಷೌರ ಮಾಡ್ತಿದೀನಿ, ಕೂಲಿ ಬೇಡ ಅಂದಳಂತೆ. ಮರುವಾರ ಅದೇ ಮುದುಕ ತಾನೇ ಡೇಲಿಯಾ ಕತ್ತರಿಸಿ, ಕಾಗದದಲ್ಲಿ ಸುತ್ತಿ ಗೇಟಿನ ಮೇಲೆ ಇಟ್ಟಿದ್ದ.

ಮನೆಗೆ ಬಂದವಳು ಮೊದಲು ಬಕೆಟ್ಟಿನಲ್ಲಿ ನೀರು ಹಿಡಿದು, ದಂಟುಗಳನ್ನು ನೀರಿನೊಳಗೇ ಓರೆಯಾಗಿ ಕತ್ತರಿಸುತ್ತಿದ್ದಳು. ಗಾಳಿಯಲ್ಲಿ ಕತ್ತರಿಸಿದರೆ ದಂಟಿಗೆ ಬಿಕ್ಕಳಿಕೆ ಬರುತ್ತದೆ, ನೀರು ಮೇಲೆ ಏರುವುದಿಲ್ಲ ಎನ್ನುತ್ತಿದ್ದಳು. ಅಂಚು ಒಡೆದ ಪಿಂಗಾಣಿ ಬಟ್ಟಲಿನಲ್ಲಿ ತಂತಿಬಲೆಯ ತುಂಡನ್ನು ಮುದುರಿ ಕೂರಿಸಿ, ಅದರ ಕಣ್ಣುಗಳಿಗೆ ಮೊದಲು ಸೊಪ್ಪು, ಆಮೇಲೆ ದೊಡ್ಡ ಹೂ, ಕೊನೆಗೆ ಪುಡಿ ಹೂ. ನೀರಿಗೆ ತಾಗುವ ಎಲೆ ಒಂದೂ ಇರಕೂಡದು, ಕೊಳೆತು ನಾರುತ್ತದೆ. ಘಮಘಮ ಅನ್ನುವ ಹೂ ಊಟದ ಮೇಜಿಗೆ ಬೇಡ, ಅದು ಅಡುಗೆಯ ಜೊತೆ ಜಗಳಕ್ಕೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಸೂರ್ಯಕಾಂತಿ, ಮಳೆಗಾಲದಲ್ಲಿ ಹಸಿರು ಸೊಪ್ಪೇ ಹೆಚ್ಚು, ಚಳಿಗೆ ಡೇಲಿಯಾ, ಚೆಂಡುಹೂ. ಏನೂ ಸಿಗದ ದಿನಗಳಲ್ಲಿ ಒಣಗಿದ ಬೀಜದ ಕೋಡುಗಳು, ಬರಿಯ ಕಡ್ಡಿ. ಮೂವರು ಹೆಣ್ಣುಮಕ್ಕಳು ಮೇಜಿನ ಸುತ್ತ ಗಲ್ಲ ಊರಿ ನೋಡುತ್ತಿದ್ದರು. ಆ ಹೊತ್ತು ಮನೆಯಲ್ಲಿ ಇಸ್ತ್ರಿಯ ಗಂಜಿಯ ವಾಸನೆ, ಕತ್ತರಿಸಿದ ಹಸಿ ದಂಟಿನ ವಾಸನೆ ಎರಡೂ ಸೇರಿರುತ್ತಿದ್ದವು. ದೊಡ್ಡವಳಿಗೆ ಈಗಲೂ ದಂಟು ಕತ್ತರಿಸುವಾಗ ಮೂಗಿನಲ್ಲಿ ಆ ಗಂಜಿ ಬರುತ್ತದೆ, ಕಣ್ಣು ತುಂಬುತ್ತದೆ.

ಮೂವರಲ್ಲಿ ಎರಡನೆಯವಳನ್ನು ಎಲ್ಲರೂ ಸೂಜಿ ಎಂದೇ ಕರೆಯುತ್ತಿದ್ದರು. ಆಳೂ ಹಾಗೆ, ನಾಲಿಗೆಯೂ ಹಾಗೆ. ಮುಂದೆ ಅವಳು ಹಿಡಿದದ್ದೂ ಹೊಲಿಗೆಯ ಕೆಲಸವೇ. ಮೂಗಿನ ತುದಿಯಲ್ಲೇ ಕೋಪ. ಚಿಕ್ಕವಳಿದ್ದಾಗ ಯಾರಾದರೂ ಒಂದು ಮಾತು ಅಂದರೆ ಸಾಕು, ಅರ್ಧ ಊಟಕ್ಕೆ ಎದ್ದು ಹೋಗಿ ಹಿತ್ತಲಲ್ಲಿ ನಿಲ್ಲುವಳು. ಅಮ್ಮ ಹೋಗಿ ಕರೆತರಬೇಕು. ಮೂರನೆಯವಳು ಚಿಕ್ಕವಳು, ನರ್ಸು, ಎಲ್ಲರಿಗೂ ಬೇಕಾದವಳು. ದೊಡ್ಡವಳ ಸ್ವಭಾವವೋ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಅಮ್ಮ ಹೋದ ಮೇಲೆ ಬಂದ ಅವಳ ಮೊದಲ ಹುಟ್ಟುಹಬ್ಬಕ್ಕೆ ಎಲ್ಲರೂ ದೊಡ್ಡವಳ ಮನೆಯಲ್ಲಿ ಸೇರಿದ್ದರು. ಆ ವಾರವೆಲ್ಲ ಬಿಡದೆ ಮಳೆ ಹೊಡೆದು ಊರಿನಲ್ಲಿ ಒಂದು ಹೂವೂ ನೆಟ್ಟಗೆ ಉಳಿದಿರಲಿಲ್ಲ. ಸೂಜಿ ಒಂದು ಡಬ್ಬ ಹೊತ್ತು ತಂದಳು. ಅಮ್ಮನ ಹಳೆಯ ಬಟ್ಟೆಗಳಿಂದ ಒಂದೊಂದೇ ಎಸಳು ಕತ್ತರಿಸಿ, ಮಡಿಸಿ, ಹೊಲಿದು ಮಾಡಿದ ಡೇಲಿಯಾ ಹೂಗಳು ಏಳು. ಎಷ್ಟು ರಾತ್ರಿ ಕೂತಿದ್ದಳೋ ಏನೋ. ಅದನ್ನು ಮೇಜಿನ ನಡುವೆ ಇಟ್ಟಳು. ದೊಡ್ಡವಳು ಎತ್ತಿ ಕಿಟಕಿಯ ಮೇಲಿಟ್ಟು, ಆ ಜಾಗದಲ್ಲಿ ತನ್ನ ಸೊಪ್ಪು ಕಡ್ಡಿಯ ಬಟ್ಟಲನ್ನು ತಂದಿಟ್ಟಳು. "ಬಟ್ಟೆ ಚೂರನ್ನ ನಡುವಿನವಳ ಜಾಗದಲ್ಲಿ ಇಡಬೇಡ ಕಣೇ. ಅಮ್ಮ ಹೇಳಿದ್ದು ಮರೆತ್ಯಾ?" ಅಂದಳು.

ಸೂಜಿ ಅವಳನ್ನು ಬಹಳ ಹೊತ್ತು ನೋಡಿದಳು. "ನಾನು ಮರೆತಿಲ್ಲಕ್ಕ," ಎಂದಳು. ಚಪ್ಪಲಿ ಮೆಟ್ಟಿ ಹೊರಟೇಹೋದಳು. ಇವತ್ತಿನವರೆಗೂ ಆ ಮೇಜಿಗೆ ಬಂದಿಲ್ಲ.

ಸೂಜಿಯ ಹೊಲಿಗೆ ಅಂಗಡಿ ಇರುವುದು ಮೂರು ಬೀದಿಯಾಚೆ. ಎಂಟು ವರ್ಷ. ಇಬ್ಬರೂ ಎದುರಾದರೆ ಒಬ್ಬಳು ಔಷಧಿ ಅಂಗಡಿಯ ಬೋರ್ಡು ಓದುವಳು, ಇನ್ನೊಬ್ಬಳು ಆಕಾಶ ನೋಡುವಳು. ದೊಡ್ಡವಳ ಮನೆಯಲ್ಲೇ ಇದ್ದ ಅಪ್ಪ ದಿನಾ ಸಂಜೆ ಕೋಲು ಊರಿಕೊಂಡು ಸೂಜಿಯ ಅಂಗಡಿಗೆ ಹೋಗಿ ಟೀ ಕುಡಿದು ಬರುತ್ತಿದ್ದ. ದೊಡ್ಡವಳು ಕೇಳುತ್ತಿರಲಿಲ್ಲ, ಅವನು ಹೇಳುತ್ತಿರಲಿಲ್ಲ. ಆದರೆ ಅವಳಿಗೆ ತಂಗಿ ಬೇಕಾಗಿತ್ತು, ಅದನ್ನು ಮುಚ್ಚಿಡುವುದೇಕೆ. ಬೇಕಾಗಿತ್ತು, ಕರೆಯಲು ಬಾಯಿ ಬರುತ್ತಿರಲಿಲ್ಲ. ತಪ್ಪು ಮಾಡಿದವಳು ಅವಳು, ಅಮ್ಮನ ಮಾತು ಉಳಿಸಿಕೊಂಡವಳು ನಾನು, ಮೊದಲು ಅವಳೇ ಬರಲಿ. ಈ ಒಂದು ಲೆಕ್ಕಾಚಾರದಲ್ಲೇ ಎಂಟು ವರ್ಷ ಹೋಯಿತು. ಅಪ್ಪನಿಗೆ ಎಂಬತ್ನಾಲ್ಕಾಯಿತು. ನಾನು ಕಣ್ಣು ಮುಚ್ಚೋ ಮುಂಚೆ ನಿಮ್ಮ ಮೂವರನ್ನೂ ಒಂದೇ ಮೇಜಿಗೆ ನೋಡ್ತೀನೋ ಇಲ್ಲವೋ ಎಂದು ಅವನು ಈ ವರ್ಷ ಮೊದಲ ಸಲ ಬಾಯಿಬಿಟ್ಟು ಅಂದಿದ್ದ.

ಅಪ್ಪನ ಕಿವಿ ಕೆಟ್ಟು ಹದಿನೈದು ವರ್ಷವಾಗಿತ್ತು. ಕಿವಿಗೆ ಮೆಷಿನ್ ಹಾಕಿಸೋಣವೆಂದರೆ, ನಿಮ್ಮ ಮಾತು ಕೇಳಿ ನನಗೇನು ಆಗಬೇಕಿದೆ ಎಂದು ಕೊಸರಾಡುತ್ತಿದ್ದ. ಕಳೆದ ತಿಂಗಳು ಚಿಕ್ಕವಳು ಹಟ ಹಿಡಿದು ಹಾಕಿಸಿದ್ದಳು. ಅಂದಿನಿಂದ ಅವನ ಕಾಟವೇ ಕಾಟ. ಫ್ಯಾನು ಕಿರುಗುಟ್ಟುತ್ತೆ, ಅಳಿಯ ಬಾಯಿ ಚಪ್ಪರಿಸಿ ತಿಂತಾನೆ, ಪಕ್ಕದ ಮನೆಯವರು ಇಡೀ ದಿನ ಜಗಳ ಆಡ್ತಾರೆ, ಇಷ್ಟು ದಿನ ಎಷ್ಟು ಸುಖವಾಗಿದ್ದೆ!

ಈ ಸಲ ಅಮ್ಮನ ಹುಟ್ಟುಹಬ್ಬ ಭಾನುವಾರ ಬಿತ್ತು. ಮಳೆಗಾಲ ಮುಗಿದು ಚಳಿ ಆಗ ತಾನೇ ಕಾಲಿಡುತ್ತಿತ್ತು. ದೊಡ್ಡವಳು ಬೆಳಿಗ್ಗೆ ಬಕೆಟ್ಟಿನ ಮುಂದೆ ಕೂತು ಮೂರು ದೊಡ್ಡ ಕೆಂಪು ಡೇಲಿಯಾ, ಒಂದಷ್ಟು ಚೆಂಡುಹೂ, ಗಂಡ ತಂದ ಹುಲ್ಲಿನ ತೆನೆಗಳನ್ನು ಕತ್ತರಿಸಿ ಕೂರಿಸಿದಳು. ನಿಜ ಹೇಳಬೇಕೆಂದರೆ ಅಮ್ಮನಿಗಿಂತ ಚೆನ್ನಾಗಿಯೇ ಮಾಡಿದ್ದಳು. ಮಧ್ಯಾಹ್ನ ಚಿಕ್ಕವಳು ಬಂದಳು. ಅಡುಗೆಯ ಪಾತ್ರೆಗಳು ಮೇಜಿಗೆ ಬಂದವು. ಅಪ್ಪ, ಅಳಿಯ ಕೂತರು. ದೊಡ್ಡವಳು ಬಟ್ಟಲನ್ನು ನಡುವೆ ತಂದಿಟ್ಟು, ಪ್ರತಿವರ್ಷ ಹೇಳುವಂತೆ ಹೇಳಿದಳು: "ಅಮ್ಮ ಹೇಳಿದ್ದಾಳಲ್ಲ, ನಡುವಿನವಳನ್ನ ಬಿಟ್ಟು ಊಟಕ್ಕೆ ಕೂರಬೇಡಿ ಅಂತ. ಬಂದ್ಲು ನೋಡಿ. ಇನ್ನು ಬಡಿಸ್ತೀನಿ."

ಅಪ್ಪ ತಟ್ಟೆಯಿಂದ ತಲೆ ಎತ್ತಿದ. ಯಾರು ಹೇಳಿದ್ದು, ಯಾವಾಗ ಹೇಳಿದ್ದು ಎಂದು ಕೇಳಿದ. ಆಸ್ಪತ್ರೆಯಲ್ಲಿ, ಕೊನೆಯ ದಿನ, ನೀವೂ ಅಲ್ಲೇ ಇದ್ರಲ್ಲಪ್ಪ ಎಂದಳು ಚಿಕ್ಕವಳು. ಇದ್ದೆ, ನಿಮ್ಮಮ್ಮನ ತುಟಿ ಅಲ್ಲಾಡಿದ್ದು ಕಂಡೆ, ಕೇಳಿಸಲಿಲ್ಲ ಎಂದ ಅಪ್ಪ. ಆಮೇಲೆ ಬಾಗಿಲ ಕಡೆ ನೋಡಿದ.

"ಹಾಗಂದಿದ್ದಾಳೆ ಅಂತೀರಿ, ಮತ್ತೆ ಸೂಜಿನ ಯಾಕೆ ಕರೆದಿಲ್ಲ?"

ಅದು ಸೂಜಿಗೆ ಹೇಳಿದ್ದಲ್ಲಪ್ಪ, ಹೂವಿಗೆ ಎಂದು ದೊಡ್ಡವಳು ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದಳು. ನಮ್ಮನೇಲಿ ನಡುವಿನವಳು ಅಂದ್ರೆ ಹೂವಲ್ವಾ ಎಂದಳು.

"ನಿಮಗೆ ಮೂವರಿಗೆ," ಎಂದ ಅಪ್ಪ. "ನಿಮ್ಮಮ್ಮ ಒಂದು ದಿನಾನೂ ಹೂವನ್ನ ಹಾಗೆ ಕರೆದವಳಲ್ಲ. ನಾಲ್ಕನೆಯವಳು ಅಂತಿದ್ಳು. ನನ್ನ ನಾಲ್ಕನೇ ಮಗಳು, ಬರೀ ನೀರು ಕುಡಿದು ಬದುಕ್ತಾಳೆ, ಎದುರು ಮಾತಾಡಲ್ಲ ಅಂತ ನಗ್ತಿದ್ಳು. ಅವಳ ಬಾಯಲ್ಲಿ ನಡುವಿನವಳು ಒಬ್ಬಳೇ. ಅರ್ಧ ಊಟಕ್ಕೆ ಎದ್ದು ಹೋಗ್ತಿದ್ದವಳು."

ಇಲ್ಲ, ಹಾಗಿರಲಾರದು ಎನ್ನಲು ದೊಡ್ಡವಳು ಬಾಯಿ ತೆರೆದಳು. ಆದರೆ ಕಿವಿಯಲ್ಲಿ ಅಮ್ಮನ ದನಿ ಬಂದೇಬಿಟ್ಟಿತು. ಅಡುಗೆಮನೆಯಿಂದ, ಪಾತ್ರೆಗಳ ಸದ್ದಿನ ನಡುವೆ: ನಾಲ್ಕನೆಯವಳಿಗೆ ನೀರು ಹಾಕ್ರೇ. ಮೂವರೂ ಒಬ್ಬರಿಗೊಬ್ಬರು ಕೂಗಿಕೊಳ್ಳುತ್ತಿದ್ದರು: ನಡುವಿನವಳಿಗೆ ನೀರಂತೆ, ನೀನು ಹಾಕು, ನೀನು ಹಾಕು. ಲಾಂಡ್ರಿಯ ಬಾಗಿಲಲ್ಲಿ ಅಮ್ಮ ಯಾರಿಗೋ ಮಕ್ಕಳನ್ನು ತೋರಿಸುತ್ತಿದ್ದದ್ದೂ ನೆನಪಾಯಿತು. ಇವಳು ದೊಡ್ಡವಳು, ಇವಳು ನಡುವಿನವಳು, ಇದು ಚಿಕ್ಕದು. ಸೂಜಿಯ ನೆತ್ತಿಯ ಮೇಲೆ ಅಮ್ಮನ ಕೈಯಿತ್ತು.

ಗಂಡ ಮೆಲ್ಲನೆ ತನ್ನ ತಟ್ಟೆಯನ್ನು ಹಿಂದಕ್ಕೆ ಸರಿಸಿ, ನಾನು ಹೋಗಿ ಕರ್ಕೊಂಡು ಬರ್ಲಾ ಎಂದು ಕೇಳಿದ. ಬೇಡ, ನಾನೇ ಹೋಗ್ತೀನಿ ಅಂದಳು ದೊಡ್ಡವಳು. ಬಡಿಸಬೇಡ ಎಂದು ಚಿಕ್ಕವಳಿಗೆ ಹೇಳಿ, ಕೈ ಒರೆಸಿಕೊಳ್ಳದೆಯೇ ಹೊರಟಳು. ಮೂರು ಬೀದಿ ನಡೆಯಲು ಏಳು ನಿಮಿಷ ಸಾಕಾಯಿತು. ಏಳು ನಿಮಿಷದ ದಾರಿಗೆ ಎಂಟು ವರ್ಷ ಹಿಡಿಯಿತಲ್ಲ, ನನಗಿಂತ ದೊಡ್ಡ ಕಿವುಡಿ ಯಾರಿದ್ದಾರೆ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಅಂಗಡಿಯ ಶಟರು ಅರ್ಧ ಎಳೆದಿತ್ತು. ದೊಡ್ಡವಳು ಬಗ್ಗಿ ಒಳಗೆ ಹೋದಳು. ಸೂಜಿ ಬಟ್ಟೆ ಕತ್ತರಿಸುವ ಮೇಜಿನ ಒಂದು ಮೂಲೆಯಲ್ಲಿ ಅಳತೆ ಟೇಪು, ಸೀಮೆಸುಣ್ಣ ಸರಿಸಿ, ಊಟದ ಡಬ್ಬಿ ಬಿಚ್ಚಿಕೊಂಡು ಒಬ್ಬಳೇ ಕೂತಿದ್ದಳು. ಅವಳ ತಲೆಯೂ ಅರ್ಧ ಬೆಳ್ಳಗಾಗಿತ್ತು. ಇದನ್ನು ರಸ್ತೆಯಾಚೆಯಿಂದ ಕದ್ದು ನೋಡಿದಾಗ ದೊಡ್ಡವಳು ಗಮನಿಸಿರಲಿಲ್ಲ.

ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಅಮ್ಮ ಹೇಳಿದ್ದು ಹೂವಿನ ವಿಷಯ ಅಲ್ಲ ಕಣೇ," ಅಂದಳು. "ನಿನ್ನ ವಿಷಯ."

"ಗೊತ್ತು," ಎಂದಳು ಸೂಜಿ.

"ಯಾವಾಗಿಂದ ಗೊತ್ತು?"

"ಅವತ್ತಿಂದಾನೇ. ಆ ಮಾತು ಹೇಳುವಾಗ ಅಮ್ಮ ನನ್ನ ಕೈ ಹಿಡ್ಕೊಂಡಿದ್ಳು. ನೀವಿಬ್ರೂ ಅವಳ ಮುಖ ನೋಡ್ತಿದ್ರಿ, ಕೈ ನೋಡ್ಲಿಲ್ಲ."

ದೊಡ್ಡವಳು ಹೊಲಿಗೆ ಮೆಷಿನ್ನಿನ ಸ್ಟೂಲು ಎಳೆದು ಕೂತಳು. ಬಾಯಿ ಬಿಟ್ಟು ಒಂದು ಮಾತು ಹೇಳಬಾರದಿತ್ತೇನೇ ಎಂದು ಕೇಳಿದಳು. ಕೇಳುವಾಗಲೇ ಅಳು ಒತ್ತರಿಸಿಕೊಂಡು ಬಂತು.

"ಏನಂತ ಹೇಳ್ಲಿ ಅಕ್ಕಾ?" ಸೂಜಿಯ ದನಿಯಲ್ಲಿ ಈಗ ಕೋಪವಿರಲಿಲ್ಲ. "ನನ್ನನ್ನ ಬಿಟ್ಟು ಉಣ್ಣಬೇಡಿ ಅಂತ ನಾನೇ ಹೇಳ್ಕೊಂಡು ಬರ್ಲಾ?"

ತಪ್ಪಾಯ್ತು ಎಂಬ ಮಾತನ್ನು ದೊಡ್ಡವಳು ಹುಟ್ಟಿದ ಮೇಲೆ ಮೊದಲ ಸಲ ಆಡಿದಳೋ ಏನೋ, ಅದು ಸರಿಯಾಗಿ ಹೊರಬರಲೂ ಇಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು, ಮನೆಯಲ್ಲಿ ಇನ್ನೂ ಯಾರೂ ತಟ್ಟೆ ಮುಟ್ಟಿಲ್ಲ, ಅಪ್ಪ ಹಸಿದು ಕೂತಿದ್ದಾನೆ ಎಂದಷ್ಟೇ ಹೇಳಿದಳು.

ಸೂಜಿ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

"ಎಂಟು ವರ್ಷದ ಊಟ ಬಾಕಿ ಇದೆ," ಎಂದಳು. "ಸಾಕಾಗೋಷ್ಟು ಮಾಡಿದ್ದೀಯಾ?"